ಊದಿಸಿದರೆ ಡ್ರೈವರ್ ಸಿಗುವುದಿಲ್ಲವೇ?

ಡ್ಯೂಟಿ ಹತ್ತುವ ಮುಂಚೆ ಡ್ರೈವರನ್ನು ಒಂದು ಸಲ ಊದಿಸಿ ಎಂದು ಪಟ್ಟನಾಯಕನಹಳ್ಳಿ, ಶಿರಾ, ಪಾವಗಡದ ಕಡೆ ಗಾಡಿ ಇಟ್ಟುಕೊಂಡವರಿಗೆ ಹೇಳಿ ನೋಡಿ. ಟಿಪ್ಪರ್ ಮಾಲೀಕರು ನಗುತ್ತಾರೆ. ಶಾಲೆ ಬಸ್ಸು ನೋಡಿಕೊಳ್ಳುವವರು ಮಾತು ಬದಲಿಸುತ್ತಾರೆ. ಹಾಲಿನ ವ್ಯಾನಿನ ಕಂಟ್ರಾಕ್ಟರು "ಮೊದ್ಲು ಡ್ರೈವರ್ ಕೊಡ್ಸಿ ಸ್ವಾಮಿ, ಆಮೇಲೆ ಊದ್ಸಣ" ಎನ್ನುತ್ತಾರೆ. ಹೀಗೆ ಬಂದ ಆಕ್ಷೇಪಗಳು ಎರಡು ದಿಕ್ಕಿನವು. ಪರೀಕ್ಷೆಯೇ ಬೇಡ ಎನ್ನುವವರು ಒಂದು ಕಡೆ. ಇಷ್ಟು ಸಾಲದು, ಕೆಲಸಕ್ಕೆ ಸೇರುವ ಪ್ರತಿಯೊಬ್ಬರ ಮೂತ್ರವನ್ನೂ ಲ್ಯಾಬಿಗೆ ಕಳಿಸಿ ಎನ್ನುವವರು ಇನ್ನೊಂದು ಕಡೆ. ಇಬ್ಬರಿಗೂ ಉತ್ತರ ಬಾಕಿ ಇದೆ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಇನ್ನೊಬ್ಬರ ಜೀವ ಯಾರ ಕೈಯಲ್ಲಿದೆಯೋ ಅವರು ಗಾಡಿ ಹತ್ತುವ ಹೊತ್ತಿಗೆ ಉಸಿರು ಊದಬೇಕು. ಮಿಷನ್ ಹೌದು ಎಂದರೆ ಆ ದಿನ ಗಾಡಿ ಇಲ್ಲ, ಆದರೆ ಕೆಲಸ ಹೋಗುವುದಿಲ್ಲ. ಗೇಟಿನ ಕಾವಲುಗಾರನಿಗೆ, ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುವವಳಿಗೆ, ಗಾರ್ಮೆಂಟ್ಸಿನ ಹುಡುಗಿಗೆ ಯಾವ ಪರೀಕ್ಷೆಯೂ ಬೇಡ.

ಮೊದಲನೆಯ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿ: "ಊದ್ಸಕ್ಕೆ ಶುರು ಮಾಡುದ್ರೆ ನಾಳಿಂದ ಒಬ್ಬನೂ ಬರಲ್ಲ ಕಣ್ರೀ." ಡ್ರೈವರ್‌ಗಳು ಸಿಗುತ್ತಿಲ್ಲ ಎಂಬುದು ನಿಜ. ಸುಳ್ಳಿರುವುದು ಕಾರಣದಲ್ಲಿ. ಕೆಎಸ್‌ಆರ್‌ಟಿಸಿ ತನ್ನ ಚಾಲಕರನ್ನು ಊದಿಸುತ್ತದೆ, ಸಿಕ್ಕಿಬಿದ್ದವರ ಮೇಲೆ ಶಿಸ್ತುಕ್ರಮವನ್ನೂ ತೆಗೆದುಕೊಳ್ಳುತ್ತದೆ. ಆದರೂ ಅಲ್ಲಿ ಚಾಲಕ ಹುದ್ದೆ ಕರೆದಾಗ ಹುದ್ದೆಗಿಂತ ಹಲವು ಪಟ್ಟು ಅರ್ಜಿ ಬೀಳುತ್ತವೆ. "ಅದು ಸರ್ಕಾರಿ ನೌಕರಿ, ಅದರ ಮಾತು ಬೇರೆ" ಎನ್ನುತ್ತೀರಿ. ಬೇರೆ ಎಂದರೆ ಏನು ಬೇರೆ? ತಿಂಗಳಿಗೆ ಸರಿಯಾಗಿ ಸಂಬಳ, ವಾರದ ರಜೆ, ಪಿಎಫ್, ಡ್ಯೂಟಿ ಮುಗಿಯುವುದಕ್ಕೊಂದು ಹೊತ್ತು. ಈ ನಾಲ್ಕೂ ಇರುವ ಕಡೆ ಜನ ಊದಿಕೊಂಡೇ ಕೆಲಸ ಮಾಡುತ್ತಾರೆ. ಇಲ್ಲದ ಕಡೆ ಊದಿಸದಿದ್ದರೂ ನಿಲ್ಲುವುದಿಲ್ಲ.

ಲೈಸೆನ್ಸ್ ಇರುವವರೇ ಕಡಿಮೆ ಎಂಬ ಮಾತೂ ಈಗ ಹಳತಾಯಿತು. ಚಾಲಕನಾಗಲು 8ನೇ ತರಗತಿ ಪಾಸಾಗಿರಬೇಕೆಂಬ ನಿಯಮವನ್ನು ಕೇಂದ್ರ 2019ರಲ್ಲೇ ತೆಗೆಯಿತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕೆ.ಜಿ. ಒಳಗಿನ ಸರಕು ವಾಹನವನ್ನೂ ಓಡಿಸಬಹುದು ಎಂದು ಹೇಳಿತು. ಬಾಗಿಲು ಇಷ್ಟು ಅಗಲವಾದ ಮೇಲೂ ಹುಡುಗರು ಒಳಗೆ ಬರುತ್ತಿಲ್ಲ ಎಂದರೆ ಒಳಗೇ ಏನೋ ಸರಿಯಿಲ್ಲ.

ಏನು ಸರಿಯಿಲ್ಲ ಎಂಬುದನ್ನು ಡ್ರೈವರ್‌ಗಳ ಬಾಯಿಂದಲೇ ಕೇಳಿ. ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿದರೆ ಮನೆ. ಲೋಡ್ ಗಾಡಿಯಲ್ಲಿ ಮನೆ ಎಂಬುದೇ ಇಲ್ಲ. ಕ್ಲೀನರ್ ಇಡುವುದನ್ನು ಬಹಳ ಮಾಲೀಕರು ನಿಲ್ಲಿಸಿದ್ದಾರೆ, ಹಾಗಾಗಿ ಹಗ್ಗ ಬಿಗಿಯುವವನೂ ಅವನೇ, ಟಾರ್ಪಾಲು ಹೊದಿಸುವವನೂ ಅವನೇ, ನಿದ್ದೆ ಬಂದರೆ ಎಚ್ಚರಿಸಿಕೊಳ್ಳಬೇಕಾದವನೂ ಅವನೇ. ಬಾಟಾ ಟ್ರಿಪ್ ಲೆಕ್ಕದಲ್ಲಿ, ಗಾಡಿ ನಿಂತರೆ ದುಡ್ಡಿಲ್ಲ. ಅಪಘಾತವಾದರೆ ತಪ್ಪು ಯಾರದ್ದೇ ಇರಲಿ, ಜನ ಮೊದಲು ಹೊಡೆಯುವುದು ದೊಡ್ಡ ಗಾಡಿಯವನನ್ನು. ಗುದ್ದಿ ಸಾಯಿಸಿ ಓಡಿದರೆ ಹತ್ತು ವರ್ಷದವರೆಗೆ ಜೈಲು ಎಂಬ ಭಾರತೀಯ ನ್ಯಾಯ ಸಂಹಿತೆಯ ಕಲಂ ಕಂಡು 2024ರ ಜನವರಿಯಲ್ಲಿ ಲಾರಿ ಚಾಲಕರು ದೇಶದುದ್ದಕ್ಕೂ ಗಾಡಿ ನಿಲ್ಲಿಸಿದ್ದು ಈ ಭಯಕ್ಕೇ. ಸರ್ಕಾರ ಆ ಕಲಮನ್ನು ತಡೆಹಿಡಿಯಬೇಕಾಯಿತು. ಇದೆಲ್ಲದರ ಮೇಲೆ ಇನ್ನೊಂದಿದೆ: ನಮ್ಮ ಕಡೆ ಈಗ ಡ್ರೈವರಿಗೆ ಹೆಣ್ಣು ಕೊಡುವವರು ಸಿಗುವುದಿಲ್ಲ. "ಕುಡಿತಾನೇನೋ" ಎಂಬ ಅನುಮಾನ ಅದಕ್ಕೆ ಒಂದು ಕಾರಣ. ಯಾರನ್ನೂ ಊದಿಸದ ಮಾಲೀಕ, ಕುಡಿಯದೆ ಗಾಡಿ ಓಡಿಸುವ ಹುಡುಗನ ಮೇಲೂ ಆ ಅನುಮಾನ ಉಳಿಯಲು ಬಿಟ್ಟಿದ್ದಾನೆ.

ಎರಡನೆಯದನ್ನು ಹೇಳುವವರು ತೀರಾ ವಿಶ್ವಾಸದಿಂದ ಹೇಳುತ್ತಾರೆ: "ಅವ್ನು ಒಂದು ಪೆಗ್ ಹಾಕ್ಕಂಡ್ರೇನೇ ಕೈ ನೆಟ್ಟಗೆ ನಿಲ್ಲದು. ಇಪ್ಪತ್ ವರ್ಷದಿಂದ ಓಡುಸ್ತಾವ್ನೆ, ಒಂದು ಗೀರೂ ಬಿದ್ದಿಲ್ಲ." ಕುಡಿಯದಿದ್ದರೆ ಕೈ ನಡುಗುತ್ತದೆ ಎನ್ನುವುದು ಚಾಲನೆಯ ಕಸುಬಿಗೆ ಸಾಕ್ಷಿಯಲ್ಲ, ಕಾಯಿಲೆಗೆ ಸಾಕ್ಷಿ. ದೇಹ ಮದ್ಯಕ್ಕೆ ಒಗ್ಗಿಹೋಗಿ, ಅದು ಇಳಿಯುತ್ತಿದ್ದಂತೆ ನರಗಳು ಕೆರಳುವುದರಿಂದ ಬರುವ ನಡುಕ ಅದು. ಒಂದು ಪೆಗ್ ಆ ನಡುಕವನ್ನು ಅಡಗಿಸುತ್ತದೆ, ಎದುರಿಗೆ ಬಂದ ದ್ವಿಚಕ್ರ ವಾಹನ ಕಂಡು ಬ್ರೇಕಿಗೆ ಕಾಲು ಹೋಗುವ ಹೊತ್ತನ್ನು ಮಾತ್ರ ಕಡಿಮೆ ಮಾಡುವುದಿಲ್ಲ, ಹೆಚ್ಚಿಸುತ್ತದೆ. ಇಂಥವರನ್ನು "ನಾಳೆಯಿಂದ ಬಿಟ್ಟುಬಿಡು" ಎಂದು ಗದರುವುದೂ ಅಪಾಯ. ವರ್ಷಗಟ್ಟಲೆ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವವೂ ಹೋಗಬಹುದು. ಅದಕ್ಕೇ ಗುರುಗುಂಡಬ್ರಹ್ಮೇಶ್ವರ ಸ್ವಾಮಿಯ ಮುಂದೆ ಆಣೆ ಮಾಡಿಸಿದರೆ ಸಾಕು ಎನ್ನುವವರಿಗೆ ನಾನು ಹೇಳುವುದು, ಆಣೆ ಇರಲಿ, ಜೊತೆಗೆ ವೈದ್ಯರೂ ಇರಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ, ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳು ಊರೂರಿಗೆ ಬರುತ್ತವೆ, 14446ಕ್ಕೆ ಫೋನ್ ಮಾಡಿದರೆ ಪುಕ್ಕಟೆ ಸಲಹೆ ಸಿಗುತ್ತದೆ.

ಇಲ್ಲೇ ಒಂದು ಮಾತು. ರಾತ್ರಿ ಲೋಡಿಗೆ ಬಾಟಾದ ಜೊತೆ ಒಂದು ಕ್ವಾರ್ಟರ್ ಕೊಡಿಸುವ ಪದ್ಧತಿ ಕ್ರಷರ್‌ಗಳಲ್ಲೂ ಬೋರ್‌ವೆಲ್ ಗಾಡಿಗಳಲ್ಲೂ ಇದೆ. ಕೂಲಿಯ ಭಾಗವಾಗಿ ಕುಡಿಸಿ, ಆಮೇಲೆ "ನನ್ಮಕ್ಳು ಕುಡೀತಾರೆ" ಎಂದು ಬೈಯುವವರ ಆಕ್ಷೇಪಕ್ಕೆ ನಾನು ಬೇರೆ ಉತ್ತರ ಕೊಡುವುದಿಲ್ಲ.

"ರಾತ್ರಿ ಕುಡಿದದ್ದು ಬೆಳಿಗ್ಗೆ ಇಳಿದಿರುತ್ತೆ" ಎನ್ನುವವರ ಜೊತೆ ಲೆಕ್ಕ ಹಾಕಬೇಕು. 180 ಮಿ.ಲೀ.ನ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಮದ್ಯಸಾರ ಶೇ 42.8, ತೂಕದಲ್ಲಿ ಸುಮಾರು 60 ಗ್ರಾಂ. 65 ಕೆ.ಜಿ. ತೂಗುವ ಗಂಡಸಿನ ರಕ್ತದಲ್ಲಿ ಅದು 100 ಮಿ.ಲೀ.ಗೆ ಹೆಚ್ಚುಕಡಿಮೆ 130 ಮಿ.ಗ್ರಾಂ ಆಗುತ್ತದೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಬಿಡುವುದು 30 ಮಿ.ಗ್ರಾಂವರೆಗೆ ಮಾತ್ರ. ದೇಹ ಕರಗಿಸುವುದು ಗಂಟೆಗೆ ಸುಮಾರು 15 ಮಿ.ಗ್ರಾಂ. ಟೀ ಕುಡಿದರೂ, ತಣ್ಣೀರು ಸುರಿದುಕೊಂಡರೂ, ಮಜ್ಜಿಗೆಗೆ ನಿಂಬೆಹಣ್ಣು ಹಿಂಡಿ ಕುಡಿದರೂ ಆ ವೇಗ ಏರುವುದಿಲ್ಲ. ಹತ್ತೂವರೆಗೆ ಒಂದು ಕ್ವಾರ್ಟರ್ ಮುಗಿಸಿದವನು ಮಿತಿಯೊಳಗೆ ಬರುವುದು ಬೆಳಗಿನ ಐದರ ಸುಮಾರಿಗೆ. ಎರಡು ಮುಗಿಸಿದ್ದರೆ ಮಾರನೆಯ ಮಧ್ಯಾಹ್ನ. ಹಾಲಿನ ವ್ಯಾನು ಹೊರಡುವುದು ನಸುಕಿಗೆ, ಶಾಲೆ ಬಸ್ಸು ಏಳೂವರೆಗೆ. ಮುಖ ತೊಳೆದು, ವಿಭೂತಿ ಹಚ್ಚಿ, ನೆಟ್ಟಗೆ ನಡೆದು ಬಂದವನ ಉಸಿರಿನಲ್ಲಿ ನಿನ್ನೆಯ ರಾತ್ರಿ ಇನ್ನೂ ಉಳಿದಿರುತ್ತದೆ, ಅದು ಅವನಿಗೇ ಗೊತ್ತಿರುವುದಿಲ್ಲ. ಬೆಂಗಳೂರಿನ ಸಂಚಾರ ಪೊಲೀಸರು ಬೆಳಿಗ್ಗೆ ಶಾಲಾ ವಾಹನಗಳನ್ನು ನಿಲ್ಲಿಸಿ ಊದಿಸಿದಾಗ ಚಾಲಕರು ಸಿಕ್ಕಿಬಿದ್ದಿರುವುದು ಹೀಗೇ.

ಇನ್ಶೂರೆನ್ಸ್ ಇದೆ ಎನ್ನುವವರಿಗೆ ಎರಡೇ ಸಾಲು. ಇಂಡಿಯಾ ಗೇಟ್ ಬಳಿ ಉರುಳಿದ ಒಂದು ಪೋರ್ಷೆ ಕಾರಿನ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟು, ಚಾಲಕನನ್ನು ಊದಿಸಿರದಿದ್ದರೂ ರಕ್ತ ಪರೀಕ್ಷೆ ಆಗಿರದಿದ್ದರೂ, ಕುಡಿದಿದ್ದಕ್ಕೆ ಬೇರೆ ಆಧಾರ ಸಾಕು ಎಂದು ವಿಮಾ ಕಂಪನಿಯ ಪರ ನಿಂತಿತು. ಗಾಡಿಯ ನಷ್ಟ ಮಾಲೀಕರ ಪಾಲಿಗೇ ಉಳಿಯಿತು. ಬ್ರೆತ್ ಅನಲೈಸರಿನ ಬೆಲೆ ನಿಮ್ಮ ಟಿಪ್ಪರಿನ ಒಂದು ಟೈರಿನಷ್ಟೂ ಇಲ್ಲ.

ಇನ್ನೊಂದು ಆಕ್ಷೇಪದಲ್ಲಿ ನ್ಯಾಯವಿದೆ. ನಮ್ಮ ಕಡೆಯ ದೊಡ್ಡ ಅಪಘಾತಗಳು ಕುಡಿತದಿಂದ ಆದವಲ್ಲವಲ್ಲ ಎನ್ನುತ್ತಾರೆ. 2022ರ ಮಾರ್ಚ್ 19ರಂದು ಪಾವಗಡ ತಾಲ್ಲೂಕಿನ ಪಳವಳ್ಳಿ ಬಳಿ ಖಾಸಗಿ ಬಸ್ಸು ಉರುಳಿ ಕಾಲೇಜಿಗೆ ಹೊರಟಿದ್ದ ಮಕ್ಕಳು ಸತ್ತರು. ಬಸ್ಸಿನ ಟಾಪಿನ ಮೇಲೂ ಜನ ಇದ್ದರು. ಅದೇ ವರ್ಷ ಆಗಸ್ಟ್ 25ರ ನಸುಕಿನಲ್ಲಿ ಶಿರಾ ತಾಲ್ಲೂಕಿನ ಕಳ್ಳಂಬೆಳ್ಳ ಹತ್ತಿರ ಹೆದ್ದಾರಿಯಲ್ಲಿ ಲಾರಿಗೂ ಕ್ರೂಸರಿಗೂ ಡಿಕ್ಕಿಯಾಗಿ, ರಾಯಚೂರು ಕಡೆಯಿಂದ ಕೂಲಿಗೆಂದು ಬೆಂಗಳೂರಿಗೆ ಹೊರಟಿದ್ದ 9 ಮಂದಿ ತೀರಿಕೊಂಡರು. ಅಷ್ಟು ಸಣ್ಣ ಗಾಡಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ತುಂಬಿದ್ದರು. ಈ ಎರಡೂ ಕಡೆ ಎದ್ದು ಕಂಡದ್ದು ತುಂಬಿಸಿಕೊಂಡ ಜನ, ಸರಿಯಾದ ಬಸ್ಸಿಲ್ಲದ ದಾರಿ. ಉಸಿರಿನ ಮಿಷನ್ ಇದನ್ನು ಹಿಡಿಯುವುದಿಲ್ಲ, ನಿದ್ದೆಗೆಟ್ಟ ಕಣ್ಣನ್ನೂ ಹಿಡಿಯುವುದಿಲ್ಲ, ನೆಗಡಿ ಮಾತ್ರೆಯ ಮಂಪರನ್ನೂ ಹಿಡಿಯುವುದಿಲ್ಲ. ಒಪ್ಪುತ್ತೇನೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ಲೆಕ್ಕ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ಅದನ್ನು ಪಾಲಿಸದೆ ಬರೀ ಊದಿಸುವ ಮಾಲೀಕ ಅರ್ಧ ಕೆಲಸ ಮಾಡಿದ ಹಾಗೆ. ಆದರೆ ಈ ಮಾತನ್ನು ನನಗೆ ಎತ್ತಿ ಹೇಳಿದವರಲ್ಲಿ ಹೆಚ್ಚಿನವರು 8 ಗಂಟೆಯ ನಿಯಮಕ್ಕೂ ಒಪ್ಪದವರು ಎಂಬುದನ್ನು ಇಲ್ಲಿ ಹೇಳಲೇಬೇಕು.

ಈಗ ಆ ಕಡೆಯವರು. "ಉಸಿರು ಯಾಕೆ, ಮೂತ್ರವನ್ನೇ ಟೆಸ್ಟ್ ಮಾಡ್ಸಿ. ಗಾಂಜಾ ಹಳ್ಳಿಗೂ ಬಂದಿದೆ. ವಿಮಾನದವರು ಮಾಡ್ತಾರಲ್ಲ?" ವಿಮಾನದವರು ಏನು ಮಾಡುತ್ತಾರೆ ಎಂದು ಪೂರ್ತಿ ಓದಿ. 2022ರ ಜನವರಿ 31ರಿಂದ ಜಾರಿಯಾದ ನಿಯಮದಲ್ಲಿ ಪೈಲಟ್, ಕ್ಯಾಬಿನ್ ಸಿಬ್ಬಂದಿ, ವಿಮಾನ ಸಂಚಾರ ನಿಯಂತ್ರಕರಂಥವರ ಪೈಕಿ ವರ್ಷಕ್ಕೆ ಶೇ 10ರಷ್ಟು ಮಂದಿಯನ್ನು ಹೇಳದೆ ಕೇಳದೆ ಪರೀಕ್ಷಿಸುತ್ತಾರೆ. ಮೊದಲ ಫಲಿತಾಂಶವೇ ಕೊನೆಯಲ್ಲ, ಲ್ಯಾಬಿನಲ್ಲಿ ಖಚಿತಪಡಿಸಬೇಕು. ಮೊದಲ ಸಲ ಸಿಕ್ಕವರನ್ನು ವ್ಯಸನಮುಕ್ತಿಗೆ ಕಳಿಸಿ, ಗುಣವಾದ ಮೇಲೆ ಡ್ಯೂಟಿಗೆ ಸೇರಿಸಿಕೊಳ್ಳುತ್ತಾರೆ. ವಸಂತನರಸಾಪುರದ ಲೇಬರ್ ಕಂಟ್ರಾಕ್ಟರು ಅಂಗಡಿಯಲ್ಲಿ ಕೊಂಡ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ, ಗೆರೆ ನೋಡಿ, "ನೀನು ಬೇಡ" ಎನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಆ ಪಟ್ಟಿಯ ಬುದ್ಧಿ ಎಷ್ಟು ಎಂಬುದಕ್ಕೆ ಗಸಗಸೆ ಪಾಯಸ ಸಾಕು. ಗಸಗಸೆ ಅಫೀಮಿನ ಗಿಡದ್ದೇ ಬೀಜ. ಅದರ ಮೇಲೆ ಉಳಿದ ಮಾರ್ಫಿನ್ ಅಂಶ ತಿಂದವರ ಮೂತ್ರದಲ್ಲಿ ಕಾಣಿಸಿಕೊಳ್ಳಬಹುದು. ಅಮೆರಿಕದಲ್ಲಿ ಗಸಗಸೆ ಉದುರಿಸಿದ ಬ್ರೆಡ್ಡು ತಿಂದವರೂ ಅಫೀಮು ಸೇವಿಸಿದವರ ಲೆಕ್ಕಕ್ಕೆ ಬೀಳುತ್ತಿದ್ದುದರಿಂದ ಅಲ್ಲಿನ ಸರ್ಕಾರ 1998ರಲ್ಲಿ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೋಗ್ರಾಮಿನಿಂದ 2,000ಕ್ಕೆ ಏರಿಸಬೇಕಾಯಿತು. ಅವರದು ಬ್ರೆಡ್ಡಿನ ಮೇಲಿನ ಚಿಟಿಕೆ, ನಮ್ಮದು ಮದುವೆ ಮನೆಯ ಎರಡು ಲೋಟ. ಗೃಹಪ್ರವೇಶಕ್ಕೆ ಹೋಗಿ ಬಂದವನು ಸೋಮವಾರ ಕೆಲಸ ಕಳೆದುಕೊಳ್ಳಬೇಕೇ? ಕೋಡೀನ್ ಇರುವ ಕೆಮ್ಮಿನ ಸಿರಪ್ಪಿನದೂ ಇದೇ ಕಥೆ.

ಗಾಂಜಾದ್ದು ಇನ್ನೊಂದು ತೊಡಕು. ಅದರ ಅಮಲು ಕೆಲವು ಗಂಟೆಗಳದು. ಮೂತ್ರದಲ್ಲಿ ಸಿಗುವ ಅವಶೇಷ ದಿನಗಟ್ಟಲೆ ಇರುತ್ತದೆ, ದಿನಾ ಸೇದುವವರಲ್ಲಿ ವಾರಗಟ್ಟಲೆ. ಅಂದರೆ ಆ ಪರೀಕ್ಷೆ ಇವತ್ತು ಗಾಡಿ ಓಡಿಸಬಲ್ಲನೇ ಎಂದು ಹೇಳುವುದಿಲ್ಲ, ಕಳೆದ ತಿಂಗಳು ಏನು ಮಾಡಿದ್ದ ಎಂದು ಹೇಳುತ್ತದೆ. ನಮ್ಮ ಕಾನೂನು ಕೇಳುವುದೂ ಮಾದಕ ವಸ್ತುವಿನಿಂದ ಗಾಡಿಯ ಹಿಡಿತ ತಪ್ಪಿತ್ತೇ ಎಂದು. ಕ್ಯಾಲಿಫೋರ್ನಿಯಾ 2024ರ ಜನವರಿ 1ರಿಂದ ಇಂಥ ಅವಶೇಷದ ಆಧಾರದ ಮೇಲೆ ಕೆಲಸ ನಿರಾಕರಿಸುವುದನ್ನು ಬಹುತೇಕ ಉದ್ಯೋಗಗಳಲ್ಲಿ ನಿಷೇಧಿಸಿತು. ಅಮೆರಿಕದ ಲಾರಿ ಚಾಲಕರಿಗೆ ಮಾತ್ರ ಮೂತ್ರ ಪರೀಕ್ಷೆ ಕಡ್ಡಾಯವಾಗಿಯೇ ಇದೆ. 2020ರಲ್ಲಿ ಅವರ ಫಲಿತಾಂಶಗಳನ್ನೆಲ್ಲ ಒಂದೇ ಕಡತಕ್ಕೆ ಸೇರಿಸತೊಡಗಿದ ಮೇಲೆ ಲಕ್ಷಕ್ಕೂ ಹೆಚ್ಚು ಮಂದಿ ಸ್ಟಿಯರಿಂಗ್‌ನಿಂದ ದೂರವಾದರು, ಅವರಲ್ಲಿ ಹೆಚ್ಚಿನವರು ಸಿಕ್ಕಿದ್ದು ಗಾಂಜಾಕ್ಕೆ, ಬಹಳ ಜನ ಮತ್ತೆ ಈ ಕಸುಬಿಗೆ ಬರಲೇ ಇಲ್ಲ. ಪರೀಕ್ಷೆಯಿಂದ ಡ್ರೈವರ್ ಸಿಗುವುದಿಲ್ಲ ಎಂಬ ನಮ್ಮ ಮಾಲೀಕರ ಭಯ ಈ ಬಗೆಯ ಪರೀಕ್ಷೆಗೆ ನಿಜ. ಉಸಿರಿಗಲ್ಲ.

ಇನ್ನೊಂದನ್ನು ಈ ಉತ್ಸಾಹಿಗಳು ಯೋಚಿಸಿಯೇ ಇಲ್ಲ. ನಮ್ಮಲ್ಲಿ ಗಾಂಜಾ ಸೇವನೆಯೇ ಅಪರಾಧ. 1985ರ ಮಾದಕ ವಸ್ತು ಕಾಯ್ದೆಯ 27ನೇ ಕಲಂನಲ್ಲಿ ಶಿಕ್ಷೆ ಇದೆ. ಕಂಟ್ರಾಕ್ಟರಿನ ಮೊಬೈಲಿನಲ್ಲಿ ಒಬ್ಬ ಹುಡುಗನ ಹೆಸರಿನ ಮುಂದೆ ಆ ಫಲಿತಾಂಶ ಕೂತರೆ ಅವನು ಸಂಬಳ ಕೇಳಿದ ದಿನ ಅದು ಏನಾಗಿ ಬಳಕೆಯಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ತಾನಾಗಿ ಚಿಕಿತ್ಸೆಗೆ ಹೋಗುವವರಿಗೆ ಅದೇ ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ. ಗೇಟಿನಲ್ಲಿ ಸಿಕ್ಕಿಬಿದ್ದವನಿಗೆ ಯಾವ ರಕ್ಷಣೆಯೂ ಇಲ್ಲ.

ಕೊನೆಗೆ, ಡ್ರೈವರ್‌ಗಳ ಕಡೆಯಿಂದಲೇ ಬಂದದ್ದು: "ನಮ್ಮನ್ನ ಕಳ್ಳರ ತರ ನೋಡ್ತೀರ." ಈ ನೋವು ಸುಳ್ಳಲ್ಲ, ಮಿಷನ್ ಮೇಸ್ತ್ರಿಯ ಜೇಬಿನಲ್ಲಿದ್ದು ಅವನಿಗಾಗದವರನ್ನಷ್ಟೇ ಊದಿಸಿದರೆ ಹಾಗೇ ಆಗುತ್ತದೆ. ಊದುವುದಾದರೆ ಎಲ್ಲರೂ, ದಿನವೂ, ಎಲ್ಲರೆದುರಿಗೆ ಅಲ್ಲದೆ ಒಂದು ಕೋಣೆಯಲ್ಲಿ. ಹೌದು ಎಂದು ಬಂದರೆ ಬಾಯಿ ಮುಕ್ಕಳಿಸಿ ಹದಿನೈದು ನಿಮಿಷ ಬಿಟ್ಟು ಇನ್ನೊಮ್ಮೆ, ಯಾಕೆಂದರೆ ಬಾಯಲ್ಲಿ ಉಳಿದ ಔಷಧಿಯ ಮದ್ಯಸಾರವೂ ಮಿಷನ್ನಿಗೆ ಸಿಗುತ್ತದೆ. ಅಂಕಿ ಬರೆಯುವ ಪುಸ್ತಕದಲ್ಲಿ ಡ್ರೈವರನ ಸಹಿಯೂ ಇರಲಿ, ಪೊಲೀಸರಿಗೆ ಫೋನ್ ಹೋಗದಿರಲಿ. ಮಿಷನ್ನನ್ನು ವರ್ಷಕ್ಕೊಮ್ಮೆಯಾದರೂ ಸರಿಮಾಡಿಸಿ ಸರ್ಟಿಫಿಕೇಟ್ ಗೋಡೆಗೆ ಅಂಟಿಸಿ. ಡ್ರೈವರ್ ಬಾರದ ದಿನ ತಾನೇ ಕೀ ತೆಗೆದುಕೊಂಡು ಟಿಪ್ಪರ್ ಹತ್ತುವ ಮಾಲೀಕನ ಮಗ ಆ ಪುಸ್ತಕದಲ್ಲಿ ಸಹಿ ಹಾಕದೆ ಗೇಟು ದಾಟಬಾರದು.