ಯಾರದು ಈ ಗುಡ್ಡ?

ಕೆಜಿಎಫ್‌ನ ಸೈನೈಡ್ ಗುಡ್ಡದಿಂದ ಒಂದು ಹಿಡಿ ಮಣ್ಣು ತೆಗೆದು ಬೆರಳಲ್ಲಿ ಉಜ್ಜಿ ನೋಡಿ. ಹರಳು ಸಿಗುವುದಿಲ್ಲ, ಮೈದಾ ಹಿಟ್ಟಿನಂತೆ ಜಾರಿಹೋಗುತ್ತದೆ. ಅದು ಮಣ್ಣೇ ಅಲ್ಲ. ಪಾತಾಳದಿಂದ ಎತ್ತಿ ತಂದ ಬಂಡೆಯನ್ನು ಕುಟ್ಟಿ, ಅರೆದು, ಸೈನೈಡ್ ನೀರಿನಲ್ಲಿ ನೆನೆಸಿ, ಚಿನ್ನ ಬಸಿದುಕೊಂಡು ಎಸೆದ ಕಲ್ಲಿನ ಪುಡಿ. ಆಷಾಢದ ಗಾಳಿ ಬೀಸಿತೆಂದರೆ ಗುಡ್ಡವೇ ಎದ್ದು ಊರಿನೊಳಗೆ ನಡೆದುಬರುತ್ತದೆ. ಅನ್ನದ ತಟ್ಟೆಗೆ ಬೀಳುತ್ತದೆ, ನೀರಿನ ಬಿಂದಿಗೆಗೆ ಬೀಳುತ್ತದೆ, ತೊಟ್ಟಿಲಲ್ಲಿ ಮಲಗಿದ ಕೂಸಿನ ಮೂಗಿಗೆ ಹೋಗುತ್ತದೆ.

ಇಂಥ ಗುಡ್ಡಗಳು 13. ಅವುಗಳಲ್ಲಿರುವ ಪುಡಿ ಸುಮಾರು 3.3 ಕೋಟಿ ಟನ್. ಈ ಗಣಿಗಳು ಕೊಟ್ಟ ಚಿನ್ನ ಸುಮಾರು 800 ಟನ್. ಲೆಕ್ಕ ಹಾಕಿ: ಒಂದು ಪವನ್ ಚಿನ್ನಕ್ಕೆ 330 ಕಿಲೋ ಪುಡಿ. ಚಿನ್ನ ಯಾವ ಯಾವ ದೇಶದ ತಿಜೋರಿ ಸೇರಿತೋ, ಪುಡಿ ಮಾತ್ರ ಪೂರ್ತಿ ನಮ್ಮ ಕೋಲಾರದ ಪಾಲಿಗೆ ಬಂತು.

ಆ ಚಿನ್ನವನ್ನು ಭೂಮಿ ಕೂಡಿಟ್ಟದ್ದು ಸುಮಾರು 270 ಕೋಟಿ ವರ್ಷಗಳ ಹಿಂದೆ. ನೀರಿನಡಿ ಲಾವಾ ಉಕ್ಕಿ, ದಿಂಬುಗಳನ್ನು ಒಟ್ಟಿದಂತೆ ಹೆಪ್ಪುಗಟ್ಟಿತು. ಆಮೇಲೆ ನೆಲದ ಒತ್ತಡಕ್ಕೆ, ಕಾವಿಗೆ ಸಿಕ್ಕಿ ಮಡಚಿ ಕಪ್ಪು ಪದರಗಲ್ಲಾಯಿತು. ಅದರ ಬಿರುಕುಗಳಲ್ಲಿ ಬಿಸಿನೀರಿನ ರಸ ಹರಿದು ಬೆಣಚುಕಲ್ಲೂ ಅದರೊಳಗೆ ಚಿನ್ನವೂ ಕೂತವು. ಹೀಗೆ ಹುಟ್ಟಿದ ಕೋಲಾರದ ಶಿಲಾಪಟ್ಟಿ ಸುಮಾರು 80 ಕಿಲೋಮೀಟರ್ ಉದ್ದ. ಅದರೊಳಗಿನ ಚಿನ್ನದ ಜೀವನಾಡಿ ಚಾಂಪಿಯನ್ ಲೋಡ್ ಬಹಳ ಕಡೆ ಒಂದು ಮೀಟರಿನಷ್ಟು ಅಗಲವೂ ಇಲ್ಲ. ಅಷ್ಟು ಸಣ್ಣ ಎಳೆಯ ಬೆನ್ನುಹತ್ತಿ ಮನುಷ್ಯ ಮೂರು ಕಿಲೋಮೀಟರಿಗೂ ಕೆಳಗೆ ಇಳಿದ.

ಮಾರಿಕುಪ್ಪಂ ಸುತ್ತ ಊರಿನವರು ಚಿನ್ನ ತೆಗೆಯುತ್ತಿದ್ದುದನ್ನು 1802ರಲ್ಲೇ ವಾರೆನ್ ಎಂಬ ಬ್ರಿಟಿಷ್ ಅಧಿಕಾರಿ ದಾಖಲಿಸಿದ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಗಣಿಗೆ ಇಳಿದವರು ಮಾತ್ರ ಟೇಲರ್ ಕಂಪನಿಯ ಷೇರುದಾರರಲ್ಲ. ಉತ್ತರ ಆರ್ಕಾಟಿನಿಂದ, ಆಂಧ್ರದಿಂದ, ಸುತ್ತಲ ಹಳ್ಳಿಗಳಿಂದ ಬಂದ ಬಡವರು, ಅವರಲ್ಲಿ ಬಹುಪಾಲು ದಲಿತರು. ಆಳದಲ್ಲಿ ಬಂಡೆಯ ಕಾವು 60 ಡಿಗ್ರಿ ದಾಟುತ್ತಿತ್ತು. ಒತ್ತಡ ತಡೆಯಲಾರದೆ ಬಂಡೆಯೇ ಸಿಡಿದು ಜನ ಅಪ್ಪಚ್ಚಿಯಾಗುತ್ತಿದ್ದರು. ಸಿಡಿತದಿಂದ ಉಳಿದವರ ಎದೆಯಲ್ಲಿ ಕಲ್ಲಿನ ದೂಳು ಮನೆ ಮಾಡಿತು. ಸಿಲಿಕೋಸಿಸ್‌ನಿಂದ ಕೆಮ್ಮಿ ಕೆಮ್ಮಿ ಸತ್ತರು.

ಆಗಲಿಲ್ಲ, ಗೊತ್ತಿರಲಿಲ್ಲ ಎಂದು ಯಾರೂ ಹೇಳಬೇಡಿ. ಈ ಗಣಿಯ ಯಂತ್ರ ತಿರುಗಬೇಕೆಂದು 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆದು ಕರೆಂಟು ತಂದರು. ಬೆಂಗಳೂರಿಗೂ ಮೊದಲು ಇಲ್ಲಿ ದೀಪ ಹೊತ್ತಿತು. ಅದೇ ಊರಿನಲ್ಲಿ 1990ರ ದಶಕದವರೆಗೂ ಕಾರ್ಮಿಕರ ಕಕ್ಕಸನ್ನು ಮನುಷ್ಯರ ಕೈಯಿಂದ ಬಳಿಸಿದರು. ಆ ಕೆಲಸ ಮಾಡುತ್ತಿದ್ದ ಮನೆಯಲ್ಲೇ ಬೆಜವಾಡ ವಿಲ್ಸನ್ ಹುಟ್ಟಿದ್ದು, ಅದರ ವಿರುದ್ಧ ಎದ್ದು ನಿಂತದ್ದು. ಯಂತ್ರಕ್ಕೆ ಬೇಕಾದದ್ದು ಕಾಡು ಮೇಡು ದಾಟಿ ಬಂತು. ಮನುಷ್ಯನಿಗೆ ಬೇಕಾದದ್ದು ನೂರು ವರ್ಷ ಬರಲಿಲ್ಲ. ಇದು ಕೈಲಾಗದತನವಲ್ಲ, ಮನಸ್ಸಿಲ್ಲದ್ದು.

ಬ್ರಿಟಿಷರನ್ನು ಬೈದು ಕೈ ತೊಳೆದುಕೊಳ್ಳುವ ಹಾಗೂ ಇಲ್ಲ. 1956ರಲ್ಲಿ ಗಣಿ ಮೈಸೂರು ಸರ್ಕಾರದ್ದಾಯಿತು. ಆಮೇಲೆ ಕೇಂದ್ರಕ್ಕೆ ಹೋಯಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 2001ರ ಫೆಬ್ರವರಿ 28ರಂದು ನಷ್ಟದ ಲೆಕ್ಕ ತೋರಿಸಿ ಮುಚ್ಚಿದರು. ಮುಚ್ಚಿದ್ದು ಹೇಗೆ? ಗೇಟಿಗೆ ಬೀಗ ಹಾಕಿದರು, ಪಂಪು ನಿಲ್ಲಿಸಿದರು, ಅಷ್ಟೇ. ಗಣಿ ಮುಚ್ಚುವವರು ನೆಲವನ್ನೂ ನೀರನ್ನೂ ಜನರನ್ನೂ ಏನು ಮಾಡುತ್ತೇವೆಂದು ಮೊದಲೇ ಯೋಜನೆ ಕೊಡಬೇಕೆಂಬ ನಿಯಮ ಬಂದದ್ದು 2003ರಲ್ಲಿ. ಎರಡು ವರ್ಷದ ಅಂತರದಲ್ಲಿ ಒಂದು ಊರು ಕೈಬಿಟ್ಟುಹೋಯಿತು.

ಪಂಪು ನಿಂತ ಮೇಲೆ ಗಣಿಯೊಳಗೆ ನೀರು ತುಂಬಿತು. ಮುಳುಗಿದ್ದು ಬರೀ ಗುಂಡಿಯಲ್ಲ. 1965ರಲ್ಲಿ ಈ ಗಣಿಯ 2.3 ಕಿಲೋಮೀಟರ್ ಆಳದಲ್ಲಿ ಕೂತು ಭಾರತ, ಜಪಾನ್, ಇಂಗ್ಲೆಂಡಿನ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಗುರುತು ಹಿಡಿದರು. ಜಗತ್ತಿನಲ್ಲೇ ಮೊದಲ ಸಾಲಿನ ಪತ್ತೆ ಅದು. ಬೇರೆ ದೇಶವಾಗಿದ್ದರೆ ಆ ಸುರಂಗವನ್ನು ದೇವಸ್ಥಾನದ ಹಾಗೆ ಕಾಯುತ್ತಿತ್ತು. ನಾವು ನೀರಿಗೆ ಬಿಟ್ಟೆವು. ಮೇಲಿನ ಶಾಫ್ಟುಗಳ ಕಬ್ಬಿಣವನ್ನು ತುಕ್ಕಿಗೂ ಕಳ್ಳರಿಗೂ ಬಿಟ್ಟೆವು. ಗಣಿಗಿಳಿದವರ ಮೊಮ್ಮಕ್ಕಳು ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಓಡುತ್ತಾರೆ.

ಈಗ ಮತ್ತೆ ಗುಡ್ಡದ ನೆನಪಾಗಿದೆ. ಪುಡಿಯಲ್ಲಿ ಇನ್ನೂ ಚಿನ್ನವಿದೆಯಲ್ಲ! ಈ 13 ಗುಡ್ಡಗಳಲ್ಲಿ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ದೂಳು ಕುಡಿಯುವಾಗ ಯಾರದೂ ಅಲ್ಲದ ಗುಡ್ಡ, ಚಿನ್ನ ಎಂದ ಕೂಡಲೇ ಸರ್ಕಾರದ್ದಾಯಿತು.

ತೆಗೆಯಲಿ. ಆದರೆ ಮೊದಲ ಬುಟ್ಟಿ ಎತ್ತುವ ಮುಂಚೆ ಗುಡ್ಡದ ಸುತ್ತಲ ಪ್ರತಿಯೊಬ್ಬರ ಎದೆ ಪರೀಕ್ಷೆಯಾಗಲಿ. ಬಾವಿ, ಕೆರೆಗಳ ನೀರಿನ ಪರೀಕ್ಷೆಯ ವರದಿ ಊರಿನ ಗೋಡೆಯ ಮೇಲೆ ಅಂಟಲಿ. ಅಗೆದ ಪುಡಿ ಮತ್ತೆ ಗಾಳಿಗೆ ಏಳದಂತೆ ಮಣ್ಣು, ಹುಲ್ಲು ಹೊದಿಸುವ ಹಣವನ್ನು ಮೊದಲೇ ಠೇವಣಿ ಇಡಿಸಿ. ಬಂದ ಲಾಭದ ಮೊದಲ ಪಾಲು ಸಿಲಿಕೋಸಿಸ್‌ನಿಂದ ಸತ್ತವರ ಮನೆಗಳಿಗೆ ಹೋಗಲಿ. ಇಷ್ಟೂ ಆಗದೆ ಒಂದು ಲಾರಿಯೂ ಗುಡ್ಡ ಹತ್ತಬಾರದು. ಹತ್ತಿದರೆ ಅದನ್ನು ಗಣಿಗಾರಿಕೆ ಎನ್ನಬೇಡಿ, ಎರಡನೆಯ ಸಲದ ದರೋಡೆ ಎನ್ನಿ.