ಹಿಡಿಯುವ ವಿದ್ಯೆಗೂ ಗುರು ಬೇಕು

ಕಬಡ್ಡಿ ಪಂದ್ಯ ಮುಗಿದ ಮೇಲೆ ನಮ್ಮ ನೆನಪಿನಲ್ಲಿ ಉಳಿಯುವುದು ಮುಟ್ಟಿ ಬಂದವನ ಹೆಸರು, ಹಿಡಿದವರದ್ದಲ್ಲ. 2019ರ ಜನವರಿ 5ರಂದು ಮುಂಬೈನಲ್ಲಿ ಬೆಂಗಳೂರು ಬುಲ್ಸ್ ತಂಡವು ಗುಜರಾತ್ ತಂಡವನ್ನು 38–33ರಿಂದ ಮಣಿಸಿ ಪ್ರೊ ಕಬಡ್ಡಿ ಪ್ರಶಸ್ತಿ ಗೆದ್ದಾಗ, ಪವನ್ ಶೆರಾವತ್ ಗಳಿಸಿದ 22 ಅಂಕಗಳನ್ನು ನಾಡೇ ಕೊಂಡಾಡಿತು. ಅದು ನ್ಯಾಯವೇ. ಆದರೆ ಇಂಥ ಕೊಂಡಾಟದ ಇನ್ನೊಂದು ಮುಖ ನಮ್ಮ ಕಾಲೇಜು ತಂಡಗಳಲ್ಲಿ ಕಾಣುತ್ತದೆ. ಆಯ್ಕೆಗೆ ಬರುವವರಲ್ಲಿ ಹೆಚ್ಚಿನವರಿಗೆ ರೈಡರ್ ಆಗುವ ಆಸೆ. ಆ ಅವಕಾಶ ಸಿಗದವರು ರಕ್ಷಣೆಗೆ ನಿಲ್ಲುತ್ತಾರೆ.

ಇದು ತಲೆಕೆಳಗಾದ ಕ್ರಮ. ದಾಳಿಯಲ್ಲಿ ಒಬ್ಬನ ಚುರುಕು, ಉಸಿರು, ಧೈರ್ಯ ಸಾಕಾಗಬಹುದು. ರಕ್ಷಣೆ ಹಾಗಲ್ಲ. ಏಳು ಜನ ಅರ್ಧ ವರ್ತುಲದಲ್ಲಿ ನಿಂತು, ಮೂವತ್ತು ಸೆಕೆಂಡುಗಳ ಕಾಲ ಒಂದೇ ದೇಹದಂತೆ ಚಲಿಸಬೇಕು. ಎರಡು ತುದಿಗಳಲ್ಲಿ ಕಾರ್ನರ್ ಆಟಗಾರರು, ಒಳಗೆ ಕವರ್ ಆಟಗಾರರು. ಕಾರ್ನರ್ ಕಾಲಿಗೆ ಕೈ ಹಾಕಿದ ಕ್ಷಣವೇ ಕವರ್ ಮುನ್ನುಗ್ಗದಿದ್ದರೆ ರೈಡರ್ ಜಾರಿಹೋಗುತ್ತಾನೆ. ಕವರ್ ಅವಸರಪಟ್ಟರೆ ಇಬ್ಬರೂ ಹೊರಗೆ. ಈ ಹೊಂದಾಣಿಕೆ ಹುಟ್ಟಿನಿಂದ ಬರುವುದಿಲ್ಲ, ಯಾರಾದರೂ ಕಲಿಸಬೇಕು.

ವಿಚಿತ್ರವೆಂದರೆ, ಕಾರ್ನರ್ ಮತ್ತು ಕವರ್ ಎಂಬ ಇವೇ ಮಾತುಗಳು ಅಮೆರಿಕನ್ ಫುಟ್‌ಬಾಲ್‌ನಲ್ಲೂ ಇವೆ. ಅಲ್ಲಿ ಎದುರಾಳಿ ಮುಂದಕ್ಕೆ ಎಸೆಯುವ ಚೆಂಡನ್ನು ತಡೆಯುವ ವ್ಯೂಹಗಳಿಗೆ ‘ಕವರ್ 1’, ‘ಕವರ್ 2’, ‘ಕವರ್ 3’ ಎಂಬ ಹೆಸರುಗಳಿವೆ. ಮೈದಾನದ ಹಿಂಭಾಗವನ್ನು ಎಷ್ಟು ಮಂದಿ ಕಾಯುತ್ತಾರೆ ಎಂಬುದನ್ನು ಆ ಸಂಖ್ಯೆ ಹೇಳುತ್ತದೆ. ಒಬ್ಬ ಆಟಗಾರನ ಬೆನ್ನು ಬಿಡದೆ ಹಿಂಬಾಲಿಸುವುದು ಒಂದು ಪದ್ಧತಿ. ತನಗೆ ವಹಿಸಿದ ಜಾಗವನ್ನು ಕಾಯುವುದು ಇನ್ನೊಂದು. ಅಲಬಾಮಾ ವಿಶ್ವವಿದ್ಯಾಲಯದ ಕೋಚ್ ಆಗಿ 2024ರ ಜನವರಿಯಲ್ಲಿ ನಿವೃತ್ತರಾದ ನಿಕ್ ಸೇಬನ್ ಇವೆರಡನ್ನೂ ಬೆಸೆದ ಪದ್ಧತಿಗೆ ಹೆಸರಾದವರು. ಅವರ ಆಟಗಾರರು ಜಾಗವನ್ನು ಕಾಯುತ್ತಲೇ, ಎದುರಾಳಿ ಓಡುವ ದಾರಿಯನ್ನು ಓದಿಕೊಂಡು, ತಮ್ಮ ಪಾಲಿಗೆ ಬಂದವನನ್ನು ಹಿಡಿದುಕೊಳ್ಳುತ್ತಿದ್ದರು.

ಅಲ್ಲಿನ ಕಾಲೇಜು ಕೋಚ್‌ಗಳಿಗೆ ಒಂದು ಕಟ್ಟುಪಾಡಿದೆ. ಪಂದ್ಯಗಳ ಋತುವಿನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕಡ್ಡಾಯ ಅಭ್ಯಾಸ ಮಾಡಿಸುವಂತಿಲ್ಲ. ಆದ್ದರಿಂದ ಹತ್ತು ವ್ಯೂಹಗಳನ್ನು ಅರೆಬರೆ ಕಲಿಸಬೇಕೋ, ಮೂರನ್ನು ಮನದಟ್ಟು ಮಾಡಿಸಬೇಕೋ ಎಂಬ ಪ್ರಶ್ನೆಯನ್ನು ಅವರು ತಪ್ಪಿಸಿಕೊಳ್ಳಲಾರರು. ಅದು ನಮ್ಮ ಪ್ರಶ್ನೆಯೂ ಹೌದು. ವ್ಯತ್ಯಾಸವೆಂದರೆ, ನಮ್ಮಲ್ಲಿ ಅದನ್ನು ಯಾರೂ ಕೇಳಿಕೊಳ್ಳುವುದಿಲ್ಲ.

ಮಹದೇವಪುರದ ನಿವಾಸಿಯಾಗಿ ನಾನು ಈ ಭಾಗದ ಕಾಲೇಜು ಹುಡುಗರ ಅಭ್ಯಾಸವನ್ನು ಕೆಲವು ವರ್ಷಗಳಿಂದ ನೋಡುತ್ತಿದ್ದೇನೆ. ಮಾರತ್‌ಹಳ್ಳಿಯಿಂದ ವೈಟ್‌ಫೀಲ್ಡ್‌ವರೆಗೆ ಎಂಜಿನಿಯರಿಂಗ್ ಕಾಲೇಜುಗಳಿಗೆ ಕೊರತೆಯಿಲ್ಲ; ಬಯಲಿಗೆ ಇದೆ. ನಾನು ಕಂಡ ತಂಡಗಳು ಸಾಮಾನ್ಯವಾಗಿ ಅಂತರ ಕಾಲೇಜು ಟೂರ್ನಿಗೆ ಹದಿನೈದು ದಿನಗಳಿರುವಾಗ ಜೀವ ತಳೆಯುತ್ತವೆ. ದೈಹಿಕ ಶಿಕ್ಷಣ ನಿರ್ದೇಶಕರು ಒಬ್ಬರೇ. ವಾಲಿಬಾಲ್, ಕ್ರಿಕೆಟ್, ಅಥ್ಲೆಟಿಕ್ಸ್ ಎಲ್ಲವನ್ನೂ ಅವರೇ ನೋಡಿಕೊಳ್ಳಬೇಕು. ಉಳಿದ ಪಾಠವನ್ನು ಹುಡುಗರು ಟಿ.ವಿ. ನೋಡಿ ಕಲಿಯುತ್ತಾರೆ. ಅಲ್ಲಿ ಕಂಡ ಸರಪಳಿ ಹಿಡಿತ, ಡ್ಯಾಶ್, ಬ್ಲಾಕ್ ಎಲ್ಲವನ್ನೂ ಒಂದೇ ಸಂಜೆ ಪ್ರಯತ್ನಿಸುತ್ತಾರೆ. ಯಾವುದನ್ನು ಯಾವಾಗ ಮಾಡಬಾರದು ಎಂಬುದನ್ನು ಹೇಳುವವರೇ ಇರುವುದಿಲ್ಲ.

ಇಂಥ ಸ್ಥಿತಿಯಲ್ಲಿ ಕಡಿಮೆ ಕಲಿಸುವುದೇ ಜಾಣತನ ಎಂಬುದು ನನ್ನ ವಾದ. ಒಂದು ನಿಲುವು, ಅದರೊಳಗೆ ಮೂರು ನಿಯಮ ಸಾಕು: ಮೊದಲು ಕೈ ಹಾಕುವವನು ಯಾರು, ಅವನ ಬೆನ್ನಿಗೆ ಹೋಗುವವನು ಯಾರು, ಯಾರೂ ಮುಂದಡಿಯಿಡಬಾರದ ಹೊತ್ತು ಯಾವುದು. ಆರು ಮಂದಿ ಉಳಿದಿರುವವರೆಗೆ ರೈಡರ್‌ಗೆ ಬೋನಸ್ ಅಂಕದ ಆಸೆಯಿರುತ್ತದೆ. ಪ್ರೊ ಕಬಡ್ಡಿಯ ನಿಯಮದಂತೆ, ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಾಗ ಹಿಡಿದರೆ ರಕ್ಷಕರಿಗೆ ಒಂದು ಹೆಚ್ಚುವರಿ ಅಂಕ. ಎರಡು ಸತತ ದಾಳಿಗಳು ಬರಿದಾದರೆ ಮೂರನೆಯದರಲ್ಲಿ ರೈಡರ್ ಅಂಕ ತರಲೇಬೇಕು. ಅಲ್ಲಿ ಕಾಯುವವನಿಗೇ ಲಾಭ. ಇದನ್ನು ಅರಿತ ಹುಡುಗನಿಗೆ ಹೊರಗಿನಿಂದ ಕೂಗಿ ಹೇಳುವ ಅಗತ್ಯವಿರುವುದಿಲ್ಲ.

ಸರಳ ವ್ಯೂಹವನ್ನು ಎದುರಾಳಿ ಬೇಗ ಓದಿಬಿಡುತ್ತಾನೆ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿದೆ. ಆದರೆ ತನ್ನದೇ ತಂಡಕ್ಕೆ ಅರ್ಥವಾಗದ ವ್ಯೂಹವನ್ನು ಎದುರಾಳಿ ಓದಬೇಕಾಗಿಯೇ ಇಲ್ಲ. ಅದು ತಾನಾಗಿಯೇ ಕುಸಿಯುತ್ತದೆ. ವೈವಿಧ್ಯವು ತಿಳಿವಳಿಕೆಯ ಮೇಲೆ ಬೆಳೆಯಬೇಕೇ ಹೊರತು ಅದರ ಬದಲಿಗೆ ಬರಬಾರದು.

ರಕ್ಷಣೆಯನ್ನು ಕಲಿತವರ ಗೆಲುವಿಗೆ ಸಾಕ್ಷ್ಯ ದೂರದಲ್ಲಿಲ್ಲ. 2018ರ ಏಷ್ಯನ್ ಕ್ರೀಡಾಕೂಟದ ಸೆಮಿಫೈನಲ್‌ನಲ್ಲಿ ಇರಾನ್ ಪುರುಷರು ಭಾರತವನ್ನು 18 ಅಂಕಗಳಿಗೆ ಕಟ್ಟಿಹಾಕಿದರು. ಅದೇ ಕೂಟದ ಫೈನಲ್‌ನಲ್ಲಿ ನಮ್ಮ ಮಹಿಳೆಯರನ್ನು ಸೋಲಿಸಿದ ಇರಾನ್ ತಂಡದ ಕೋಚ್ ಭಾರತದವರೇ ಆದ ಶೈಲಜಾ ಜೈನ್. ಐದು ವರ್ಷಗಳ ನಂತರ ಹಾಂಗ್‌ಝೌನಲ್ಲಿ ಭಾರತ ಎರಡೂ ಚಿನ್ನಗಳನ್ನು ಮರಳಿ ಪಡೆಯಿತು, ನಿಜ. ಆದರೂ ಆ ಪಾಠ ಮಾಸಬಾರದು. 2024ರ ಮಾರ್ಚ್ 1ರಂದು ಪುಣೇರಿ ಪಲ್ಟನ್ ಪ್ರೊ ಕಬಡ್ಡಿ ಫೈನಲ್ ಗೆದ್ದದ್ದು 28–25ರ ಬಿಗಿ ಆಟದಿಂದ. ಆ ತಂಡದ ಕೋಚ್ ನಮ್ಮವರೇ ಆದ ಬಿ.ಸಿ. ರಮೇಶ್, ರಕ್ಷಣೆಯ ಆಧಾರಸ್ತಂಭ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿ.

ಗೆಲುವು ಸೋಲಿನ ಮಾತು ಒತ್ತಟ್ಟಿಗಿರಲಿ. ಕಲಿಸದೆ ರಕ್ಷಣೆಗೆ ನಿಲ್ಲಿಸಿದ ಹುಡುಗನ ಮೊಣಕಾಲು, ಭುಜ, ಕುತ್ತಿಗೆ ಅಪಾಯದಲ್ಲಿರುತ್ತವೆ. ತಲೆ ಎಲ್ಲಿಡಬೇಕು, ಬೀಳುವಾಗ ಭಾರವನ್ನು ಎತ್ತ ಹೊರಳಿಸಬೇಕು ಎಂಬುದು ವ್ಯೂಹಕ್ಕಿಂತ ಮೊದಲಿನ ಪಾಠ. ಶಿಕ್ಷಣ ಸಾಲ ಮಾಡಿ ಮಗನನ್ನು ಓದಿಸುತ್ತಿರುವ ತಂದೆ-ತಾಯಿಗೆ, ಗಟ್ಟಿ ನೆಲದ ಮೇಲೆ ಅವನ ಮಂಡಿಯ ಅಸ್ಥಿರಜ್ಜು ಹರಿದರೆ ‘ಕ್ರೀಡಾಸ್ಫೂರ್ತಿ’ಯ ಭಾಷಣ ಸಮಾಧಾನ ಕೊಡಲಾರದು.

ಆಗಬೇಕಾದದ್ದು ದುಬಾರಿಯೇನಲ್ಲ. ಹತ್ತಿರದ ಮೂರು ನಾಲ್ಕು ಕಾಲೇಜುಗಳು ಸೇರಿ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಪಡೆದ ಒಬ್ಬ ಕೋಚ್‌ನನ್ನು ವರ್ಷಪೂರ್ತಿ ನೇಮಿಸಿಕೊಳ್ಳಬಹುದು. ಒಂದು ಮ್ಯಾಟ್ ಅನ್ನು ಸರದಿಯಂತೆ ಬಳಸಬಹುದು. 2013ರ ಕಂಪನಿ ಕಾಯ್ದೆಯು ಗ್ರಾಮೀಣ ಕ್ರೀಡೆಗಳ ಹಾಗೂ ರಾಷ್ಟ್ರಮಟ್ಟದಲ್ಲಿ ಮಾನ್ಯತೆ ಪಡೆದ ಕ್ರೀಡೆಗಳ ತರಬೇತಿಯನ್ನು ಸಾಮಾಜಿಕ ಹೊಣೆಗಾರಿಕೆಯ ವೆಚ್ಚದಲ್ಲಿ ಸೇರಿಸಿದೆ. ಇಷ್ಟೊಂದು ಕಂಪನಿಗಳಿರುವ ಮಹದೇವಪುರದಲ್ಲಿ ಅದಕ್ಕೆ ಹಣ ಹುಟ್ಟುವುದಿಲ್ಲ ಎಂದರೆ ನಂಬುವುದು ಕಷ್ಟ. ಕಾಲೇಜುಗಳು ಮೊದಲು ಕೇಳಬೇಕು. ಕೇಳುವಾಗ ಪ್ರಶಸ್ತಿ ಫಲಕಕ್ಕೋ ಉದ್ಘಾಟನೆಯ ವೇದಿಕೆಗೋ ಅಲ್ಲ, ಕೋಚ್‌ನ ಸಂಬಳಕ್ಕೆ ಕೇಳಬೇಕು.