ಬಣ್ಣ ಬಳಿದ ಸ್ಟ್ರಟ್ಟಿಗೆ ಮರುಳಾಗಬೇಡಿ

ಹೋಟೆಲಿನ ಒಲೆಯ ಮುಂದೆ ಹತ್ತು ಹನ್ನೆರಡು ವರ್ಷ ಬೆಂದು, ಕೈಯಲ್ಲಿ ನಾಲ್ಕು ಕಾಸು ಕೂಡಿದ ಮೇಲೆ ಇಬ್ಬರು ಮೂವರು ಸೇರಿ ಒಂದು ಹಳೆಯ ಕಾರು ಕೊಂಡು, ನಸುಕಿನಲ್ಲಿ ಇಡ್ಲಿ ಸಾಂಬಾರಿನ ಪಾತ್ರೆಗಳನ್ನು ಸಾಗಿಸಿ ಸ್ವಂತ ದುಡಿಮೆ ನಡೆಸುವ ಬಂಧುಗಳು ನಮ್ಮಲ್ಲಿ ಹಲವರಿದ್ದಾರೆ. ನಾವು ಕಂಡಂತೆ ಅವರ ಕಾರು ಹೆಚ್ಚಾಗಿ ಮಾರುತಿ 800. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಗಾಡಿಯ ತಯಾರಿಕೆ 2014ರಲ್ಲಿ ನಿಂತಿತು. ಮುಂಬಯಿಯಲ್ಲಿ ಹೊಸದರ ಮಾರಾಟ 2010ರಲ್ಲೇ ನಿಂತಿತ್ತು. ಆದ್ದರಿಂದ ಇಂದು ಇಲ್ಲಿ ಓಡುವ 800 ಎಂದರೆ ಮುದುಕನೇ ಸರಿ. ಮುದುಕನಿಗೆ ಮೊಣಕಾಲು ಹೋಗುವಂತೆ ಇದಕ್ಕೆ ಮುಂದಿನ ಎರಡು ಸ್ಟ್ರಟ್ಟುಗಳು ಹೋಗುತ್ತವೆ. ಬಜಾರಿನಲ್ಲಿ ಇದನ್ನು ಶಾಕಪ್ ಎನ್ನುವುದು ರೂಢಿ. ಅದನ್ನು ಬದಲಿಸುವಲ್ಲಿ ನಮ್ಮವರು ಮೋಸ ಹೋಗುವುದನ್ನು ಕಂಡು, ನಾವೂ ಒಮ್ಮೆ ಹೋಗಿ, ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಶಾಕಪ್ ಹೋದರೆ ಏನಾಯಿತು, ಸ್ವಲ್ಪ ಕುಲುಕುತ್ತದೆ, ಅಷ್ಟೇ ತಾನೇ ಎಂದು ಕೇಳುವವರುಂಟು. ಮುಂಬಯಿಯ ರಸ್ತೆಯಿಂದ 2023ರ ಅಕ್ಟೋಬರಿನಲ್ಲಿ ಕೊನೆಯದಾಗಿ ಬೀಳ್ಕೊಂಡ ಪದ್ಮಿನಿ ಟ್ಯಾಕ್ಸಿಯ ವಿಷಯದಲ್ಲಿ ಆ ಮಾತಿಗೆ ಅಷ್ಟಿಷ್ಟು ಅರ್ಥವಿತ್ತು. ಅದರ ಮುಂಗಾಲಿಯನ್ನು ಮೇಲೊಂದು ಕೆಳಗೊಂದು ತೋಳು ಹಿಡಿದುಕೊಂಡಿದ್ದವು. ಶಾಕಪ್ ತನ್ನ ಕೆಲಸ ಮಾತ್ರ ನೋಡುತ್ತಿತ್ತು. 800ರದು ಬೇರೆ ಜಾತಿ. ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಇಂಜಿನಿಯರ್ ರೂಪಿಸಿ, ಫೋರ್ಡಿನವರು 1950ರಲ್ಲಿ ಇಂಗ್ಲೆಂಡಿನ ಕಾರುಗಳಿಗೆ ಹಾಕಿದ ಪದ್ಧತಿ ಇದು. ಇದರಲ್ಲಿ ಮೇಲಿನ ತೋಳೇ ಇಲ್ಲ. ಚಕ್ರವನ್ನು ನೆಟ್ಟಗೆ ನಿಲ್ಲಿಸುವುದೂ ಸ್ಟ್ರಟ್ಟೇ, ಸ್ಟಿಯರಿಂಗ್ ತಿರುಗಿಸಿದಾಗ ಜತೆಗೆ ತಿರುಗುವುದೂ ಸ್ಟ್ರಟ್ಟೇ, ಸ್ಪ್ರಿಂಗನ್ನು ಮೈಗೆ ಸುತ್ತಿಕೊಂಡಿರುವುದೂ ಅದೇ. ಅದು ಸತ್ತರೆ ಬ್ರೇಕ್ ಒತ್ತಿದಾಗ ಮೂತಿ ನೆಲಕ್ಕೆ ಬಾಗುತ್ತದೆ, ಹೊಂಡದ ಮೇಲೆ ಚಕ್ರ ನೆಲ ಬಿಟ್ಟು ಕುಣಿಯುತ್ತದೆ. ನೆಲ ಮುಟ್ಟದ ಚಕ್ರಕ್ಕೆ ಯಾವ ಬ್ರೇಕು? ಮುಂದೆ ದಾರಿ ದಾಟುವವನು ಯಾರ ಮನೆಯ ಮಗನೋ!

ಕಳೆದ ಮಳೆಗಾಲಕ್ಕೆ ಮುಂಚೆ ಇಬ್ಬರು ಸದಸ್ಯರ ಜತೆ ನಾವೂ ಬಜಾರಿಗೆ ಹೋದೆವು. ಅಂಗಡಿಯವನು ಒಂದು ಜೋಡಿ ತೆಗೆದಿಟ್ಟ. ಕರ್ರಗೆ ಮಿರಮಿರ ಮಿಂಚುತ್ತಿತ್ತು. ಬೆಲೆ ಹೊಸದರ ಅರ್ಧಕ್ಕೂ ಕಡಿಮೆ. ರಿಕಂಡಿಶನ್ ಮಾಲು, ಹೊಸದಕ್ಕೆ ಸಮ ಎಂದ. ನಾವು ಬಾಯಿ ಬಿಟ್ಟೆವು. ರಸೀದಿಯನ್ನೂ ಕೇಳಲಿಲ್ಲ. ಮೂರು ತಿಂಗಳಲ್ಲಿ ಎಡದ್ದು ಎಣ್ಣೆ ಕಕ್ಕಿತು. ಬಿಚ್ಚಿ ನೋಡಿದರೆ ಬಣ್ಣದ ಕೆಳಗೆ ಹಳೇ ತುಕ್ಕು, ರಾಡಿನ ಮೇಲೆ ಗೀರು. ರಾಡಿನ ನಯ ಹೋದ ಮೇಲೆ ಹೊಸ ಸೀಲು ಹಾಕಿದರೂ ಅದು ಕೊಯ್ದು ಬಿಡುತ್ತದೆ. ಒಳಗೆ ಎಷ್ಟು ಎಣ್ಣೆ ತುಂಬಿದರೇನು?

ಆದ್ದರಿಂದ ನಮ್ಮ ಅಭಿಪ್ರಾಯ ಖಚಿತ. ಹೆಸರಾಂತ ತಯಾರಕರ ಹೊಸ ಮಾಲನ್ನೇ, ಬಿಲ್ಲು ಸಹಿತ, ಎರಡೂ ಕಡೆಗೆ ಒಟ್ಟಿಗೇ ಕೊಳ್ಳಬೇಕು. ಒಂದನ್ನೇ ಬದಲಿಸಿದರೆ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಬ್ರೇಕಿನಲ್ಲಿ ಗಾಡಿ ಓರೆಯಾಗಲು ಅದೇ ಸಾಕು. ಕಾರಿನ ವರ್ಷವನ್ನೂ ಮಾಡೆಲನ್ನೂ ಹೇಳಿ, ಸಾಧ್ಯವಾದರೆ ಹಳೆಯದನ್ನೇ ಕೈಯಲ್ಲಿ ಹಿಡಿದು ಹೋಗಿ, ಬ್ರೇಕ್ ಪೈಪು ಸಿಕ್ಕಿಸುವ ಹಿಡಿಕೆ ಯಾವ ಬದಿಗಿದೆ ಎಂದು ಹೋಲಿಸಿ ನೋಡಿ. ಎಡಬಲ ಅದಲುಬದಲಾಗಿ ಮರಳಿ ಬಂದವರನ್ನು ಕಂಡಿದ್ದೇವೆ. ಗ್ಯಾಸಿನದೋ ಎಣ್ಣೆಯದೋ ಎಂಬ ಚರ್ಚೆ ಚಹಾದಂಗಡಿಯಲ್ಲಿ ಬಹಳ ನಡೆಯುತ್ತದೆ. ಗ್ಯಾಸು ತುಂಬಿದ್ದರಲ್ಲಿ ಎಣ್ಣೆ ಬೇಗ ನೊರೆಗಟ್ಟುವುದಿಲ್ಲ, ಕೆಟ್ಟ ರಸ್ತೆಗೆ ಅದು ವಾಸಿ. ಆದರೆ ಪಾತ್ರೆಗಳ ಭಾರಕ್ಕೆ ಕುಸಿದ ಕಾರನ್ನು ಅದು ಎತ್ತೀತೆಂದು ನಂಬಬೇಡಿ. ಭಾರ ಹೊರುವುದು ಸ್ಪ್ರಿಂಗು. ಅದರ ಕುಣಿತ ತಡೆಯುವುದಷ್ಟೇ ಸ್ಟ್ರಟ್ಟಿನ ಕೆಲಸ. ಸ್ಪ್ರಿಂಗು ಕುಸಿದಿದ್ದರೆ ಸ್ಪ್ರಿಂಗನ್ನೇ ಬದಲಿಸಬೇಕು.

ತಲೆಯ ಮೇಲಿನ ರಬ್ಬರ್ ಮೌಂಟು, ಬೇರಿಂಗು, ಧೂಳು ತಡೆಯುವ ರಬ್ಬರ್ ಚೀಲ, ಇವನ್ನೂ ಅದೇ ದಿನ ಹೊಸದು ಹಾಕಿಸಿ. ಇವುಗಳಲ್ಲಿ ಉಳಿಸಿದ ಹಣ ಕೈಯಲ್ಲಿ ಉಳಿಯುವುದಿಲ್ಲ. ಮೌಂಟು ಹೋದರೆ ಮತ್ತೆ ಎಲ್ಲವನ್ನೂ ಬಿಚ್ಚುವ ಕೂಲಿ ಬೀಳುತ್ತದೆ. ಕೂರಿಸುವ ಮುಂಚೆ ಸ್ಟ್ರಟ್ಟನ್ನು ನೆಟ್ಟಗೆ ಹಿಡಿದು ರಾಡನ್ನು ನಾಲ್ಕಾರು ಸಲ ಪೂರ್ತಿ ಒತ್ತಿ ಎಳೆಯಬೇಕು, ಒಳಗಿನ ಗಾಳಿ ಹೊರಟು ಎಣ್ಣೆ ತನ್ನ ಜಾಗಕ್ಕೆ ಬರುತ್ತದೆ. ರಾಡನ್ನು ಇಕ್ಕುಳದಲ್ಲಿ ಕಚ್ಚಿ ಹಿಡಿಯುವ ಮೆಕ್ಯಾನಿಕನ ಕೈಗೆ ಗಾಡಿ ಕೊಡಬೇಡಿ. ಕೊನೆಗೆ ಚಕ್ರದ ಅಲೈನ್‌ಮೆಂಟ್ ಮಾಡಿಸದಿದ್ದರೆ ಟಯರು ಒಂದೇ ಅಂಚಿಗೆ ಸವೆಯುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಆ ಎಣ್ಣೆ ಕಕ್ಕಿದ ಸ್ಟ್ರಟ್ಟನ್ನು ಬಿಚ್ಚಲು ನಾವು ಹುಡುಕಿದ್ದು ಕಡಿಮೆ ಕೂಲಿಯ ಗ್ಯಾರೇಜನ್ನು. ಅಲ್ಲೊಬ್ಬ ಹುಡುಗ, ಹತ್ತೊಂಬತ್ತು ಇಪ್ಪತ್ತು ಇದ್ದೀತು. ಸ್ಪ್ರಿಂಗನ್ನು ಅದುಮಿ ಹಿಡಿಯಲು ಅವನ ಬಳಿ ಕಂಪ್ರೆಸರ್ ಇರಲಿಲ್ಲ. ನೂಲಿನ ಹಗ್ಗ ಬಿಗಿದು, ಮೇಲೊಂದು ಗೋಣಿ ಹೊದಿಸಿ, ನಡುವಿನ ನಟ್ಟು ತಿರುಗಿಸಿದ. ಆ ಸ್ಪ್ರಿಂಗಿನಲ್ಲಿ ಕಾರಿನ ಮುಂಭಾರ ಹೊರುವ ಬಲ ಅಡಗಿರುತ್ತದೆ. ನಟ್ಟು ಕಳಚಿದ ಕ್ಷಣ ಹಗ್ಗ ಹರಿದು ಮೌಂಟು ಅವನ ಅಂಗೈಗೆ ಬಡಿಯಿತು. ಸ್ವಲ್ಪ ಮೇಲಾಗಿದ್ದರೆ ಮುಖಕ್ಕೇ. ನಾವು ಉಳಿಸಲು ಹೊರಟ ಹಣ ಅವನ ಔಷಧಕ್ಕೂ ಸಾಲಲಿಲ್ಲ. ಹುಡುಗ ಹದಿನೈದು ದಿನ ಕೆಲಸಕ್ಕೆ ಬರಲಿಲ್ಲ. ಆ ದಿನಗಳ ಕೂಲಿ ಅವನಿಗೆ ಸಿಗಲೂ ಇಲ್ಲ. ಕೂಲಿಯ ಲೆಕ್ಕ ಕೇಳಿ ಕೇಳಿ ಬೆಳೆದ ನಾವೇ ಅಂದು ಅಗ್ಗದ ಕೂಲಿ ಹುಡುಕಿಕೊಂಡು ಹೋಗಿದ್ದೆವೆಂಬುದನ್ನು ಮುಚ್ಚಿಡುವುದಿಲ್ಲ.

ಹೀಗಾಗಿ ಗ್ಯಾರೇಜಿಗೆ ಹೋದವರು ದರ ಕೇಳುವ ಮುಂಚೆ ಸ್ಪ್ರಿಂಗ್ ಕಂಪ್ರೆಸರ್ ತೋರಿಸು ಎಂದು ಕೇಳಬೇಕು. ಇಲ್ಲವೆಂದರೆ ಗಾಡಿ ಹಿಂದಿರುಗಿಸಿಕೊಂಡು ಬನ್ನಿ. ಸಂಘದ ನಿಧಿಯಿಂದ ಒಂದು ಜೋಡಿ ಕೊಂಡು ಕಚೇರಿಯಲ್ಲಿಡಬೇಕೆಂದು ಮುಂದಿನ ಸಭೆಯಲ್ಲಿ ಸೂಚಿಸಲಿದ್ದೇವೆ. ಎದುರುಬದುರಾಗಿ ಸ್ಪ್ರಿಂಗಿಗೆ ಕೊಕ್ಕೆ ಹಾಕಿ ಎರಡನ್ನೂ ಸರಿಸಮ ಬಿಗಿಯುತ್ತ ಹೋಗುವ ಸಾಧನ ಅದು. ಅಂಥ ದೊಡ್ಡ ಖರ್ಚಿನದೇನೂ ಅಲ್ಲ. ಸದಸ್ಯರು ಯಾವ ಗ್ಯಾರೇಜಿಗಾದರೂ ಒಯ್ಯಲಿ. ಒಯ್ದವರು ಕೊಕ್ಕೆ ಬಿರಿದಿಲ್ಲವೆಂದು ನೋಡಿ, ಮರೆಗೆ ಗ್ರೀಸು ಹಚ್ಚಿ, ಮರುದಿನ ತಂದಿಡಬೇಕು.